ತೆರಿಗೆ ಇಳಿದ ಮನೆ

ಬ್ರೂಗ್ಲರ್
ನವೆಂಬರ್ ೯, ಭಾನುವಾರ

ಪ್ರೀತಿಯ ತಂಗಿ ಆರ್ಡಿತ್,

ಮತ್ತೆ ಅದೇ ಕೆಟ್ಟ ಕನಸು. ಶಾಲೆಯ ಹಳದಿ ಬಸ್ಸು ಮನೆಮುಂದೆ ನಿಂತಿದೆ, ಕಿಟಕಿ ಪಕ್ಕ ನಮ್ಮ ಮೊಮ್ಮಗಳು ಜೋಲೀನ್. ನಾನು ಬರಿಗಾಲಲ್ಲಿ ಓಡುತ್ತ ಅವಳ ಹೆಸರು ಹಿಡಿದು ಕೂಗುತ್ತಿದ್ದೇನೆ. ಹುಟ್ಟುಕಿವುಡಿ, ಕೂಗಿದರೆ ಏನು ಕೇಳೀತು? ಕನಸಿನಲ್ಲಿ ಅದು ಹೊಳೆಯುವುದೇ ಇಲ್ಲ. ಬಸ್ಸು ಹೊರಟುಬಿಡುತ್ತದೆ.

ಉತ್ತರ ತಡವಾಯಿತು, ಬೇಸರಿಸಬೇಡ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಪೆನ್ನು ಹಿಡಿದರೆ ತಪ್ಪಾದೀತೆಂಬ ಭಯ, ಹಿಡಿಯದಿದ್ದರೆ ನೀನು ಮುನಿಸಿಕೊಂಡೀಯೆಂಬ ಭಯ. ಜೋಳದ ಕೊಯ್ಲು ಮುಗಿಯಿತು. ನಿನ್ನ ಭಾವನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ಮನೆತೆರಿಗೆ ಇಳಿದ ನೋಟೀಸು ಬಂತು. "ನೋಡೇ ವರ್ಲಾ, ಇನ್ನು ಮನೆ ಮಾರೋ ಮಾತಿಲ್ಲ" ಎಂದರು ನಿನ್ನ ಭಾವ. ಎಂದವರು ನಗಲಿಲ್ಲ.

ಹೋದ ವರ್ಷ ನಮ್ಮ ಸೆನೆಟರ್ ಊರಿನ ಕೆಫೆಗೆ ಬಂದಿದ್ದರೆಂದು ಬರೆದಿದ್ದೆನಲ್ಲ. "ಮನೆತೆರಿಗೆ ಇಳಿಸ್ತೀವಿ, ಖಾಸಗಿ ಶಾಲೆಗೆ ಹೋಗೋ ಮಕ್ಕಳಿಗೆ ದುಡ್ಡೂ ಕೊಡ್ತೀವಿ. ಎರಡೂ ಒಂದೇ ಮಸೂದೇಲಿ" ಎಂದರು. ನಾನು ಹೆದರಿಕೊಂಡೇ ಕೇಳಿದೆ, "ಬರೀ ತೆರಿಗೆ ಇಳಿಸೋಕಾಗಲ್ವಾ ಸಾರ್?"

"ಹಸು ಬೇಕು ಅಂದ್ರೆ ಬಾಲಾನೂ ಜೊತೇಲೇ ಬರತ್ತೆ ಕಣಮ್ಮಾ."

"ಇವಳು ಬಿಡಿ ಸಾರ್, ಬಿಸಿಲು ಬಂದ್ರೂ ಚಿಂತೆ, ಮೋಡ ಆದ್ರೂ ಚಿಂತೆ. ನಮ್ಮೂರಲ್ಲಿ ಖಾಸಗಿ ಶಾಲೆ ಎಲ್ಲಿದೆ? ಬಾಲ ಇದ್ರೆ ಇರ್ಲಿ" ಎಂದರು ನಿನ್ನ ಭಾವ. ಕೆಫೆ ತುಂಬ ನಗು. ಅಂದೇ ಸಂಜೆ ಮಸೂದೆ ಪರವಾದ ಬೋರ್ಡನ್ನು ಅಂಗಳದಲ್ಲಿ ನೆಟ್ಟರು. ಅವರು ಸುತ್ತಿಗೆಯಲ್ಲಿ ಹೊಡೆಯುವಾಗ ಅಲುಗದಂತೆ ಹಿಡಿದುಕೊಂಡವಳು ಜೋಲೀನೇ.

ಕಾನೂನಾಯಿತು. ತಾಲ್ಲೂಕು ಪಟ್ಟಣದ ಚರ್ಚ್ ಶಾಲೆಯವರು ನಮ್ಮೂರಿಗೂ ವ್ಯಾನು ಬಿಟ್ಟರು. ಒಂದೊಂದೇ ಮನೆಯ ಮಕ್ಕಳು ಅತ್ತ ಹೋದವು. ಮಕ್ಕಳು ಕಡಿಮೆಯಾದವೆಂದು ನಮ್ಮ ಶಾಲೆಗೆ ಬರುವ ದುಡ್ಡೂ ಕಡಿಮೆಯಾಯಿತು. ಮೊದಲು ಹೋದ ಕೆಲಸ ಮಿಸ್ ಕೊರಿನ್‌ರದು. ಜೋಲೀನ್‌ಗೆ ಬೆರಳ ಸನ್ನೆಯ ಕೈಮಾತಿನಲ್ಲಿ ಪಾಠ ಹೇಳುತ್ತಿದ್ದವರು ಅವರೊಬ್ಬರೇ.

ನಾವೂ ಆ ಚರ್ಚ್ ಶಾಲೆಗೇ ಹೋದೆವು. ಹೆಡ್‌ಮೇಡಮ್ಮು ಕಾಫಿ ಕೊಟ್ಟರು. "ಎಷ್ಟು ಮುದ್ದಾಗಿದಾಳೆ! ಆದ್ರೆ ಕೈಮಾತು ಬರೋರು ನಮ್ಮಲ್ಲಿ ಯಾರೂ ಇಲ್ವಲ್ಲ."

"ದುಡ್ಡು ಸರ್ಕಾರ ಕೊಡತ್ತಲ್ಲ?" ಎಂದರು ನಿನ್ನ ಭಾವ.

"ಕೊಡತ್ತೆ ಸಾರ್. ಯಾವ ಮಗೂನ ಸೇರಿಸ್ಕೋಬೇಕು ಅನ್ನೋದು ಮಾತ್ರ ನಮಗೆ ಬಿಟ್ಟಿದ್ದು."

ಮಗು ಇಬ್ಬರ ತುಟಿಗಳನ್ನೂ ನೋಡುತ್ತ ಕೂತಿತ್ತು. ಮನೆಗೆ ಬಂದವರೇ ನಿನ್ನ ಭಾವ ಆ ಬೋರ್ಡನ್ನು ಕೀಳಲು ಹೋದರು. ಮೇಲಿನದು ಮುರಿದು ಕೈಗೆ ಬಂತು, ಬುಡ ನೆಲದಲ್ಲೇ ಉಳಿಯಿತು. ಅವಳನ್ನು ನಿಮ್ಮ ನಗರದ ಕಿವುಡ ಮಕ್ಕಳ ವಸತಿಶಾಲೆಗೆ ಕಳಿಸದೆ ಬೇರೆ ದಾರಿ ಏನಿತ್ತು, ನೀನೇ ಹೇಳು. ಅವಳಮ್ಮ ತೀರಿಕೊಂಡಾಗ ಈ ಮನೆ ಅವಳಿಗೇ ಎಂದು ಮಾತು ಕೊಟ್ಟಿದ್ದೆವು. ಅದಕ್ಕೇ ಅಲ್ಲವೇ ತೆರಿಗೆಗೆ ಅಷ್ಟು ಹೆದರಿದ್ದು.

ಪ್ರತಿ ಭಾನುವಾರ ಅವಳನ್ನು ನೋಡಿ ಬರುತ್ತೀಯ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ. ಗಸಗಸೆ ಹಾಕಿದ ಸಿಹಿಬನ್ನು ಕಳಿಸಿದ್ದೇನೆ, ಅವಳಿಗೂ ಕೊಡು. ಚಳಿಗೆ ಟೋಪಿ ಹಾಕದೆ ಓಡಾಡಬೇಡ.

ನಿನ್ನ ಅಕ್ಕ,
ವರ್ಲಾ

ಮರೆತಿದ್ದು: ಮರೆತದ್ದೂ ಅಲ್ಲ. ತಡವಾಗಲು ಪೆನ್ನಿನ ಭಯವೂ ಕಾರಣವಲ್ಲ, ಕೊಯ್ಲೂ ಅಲ್ಲ, ನಿನ್ನ ಕಾಗದದ ಕೊನೆಯ ಸಾಲು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಊರಿಗೆ ಬರುವುದಿಲ್ಲ, ಗೆಳತಿಯ ಮನೆಗೆ ಹೋಗುತ್ತೇನೆ, ಅಲ್ಲಿ ಊಟಕ್ಕೆ ಕೂತಾಗ ಎಲ್ಲರೂ ನನ್ನ ಜೊತೆ ಕೈಮಾತಲ್ಲಿ ಮಾತಾಡುತ್ತಾರೆ ಎಂದು ಜೋಲೀನ್ ನಿನಗೆ ಬರೆದು ತೋರಿಸಿದಳಂತಲ್ಲ. ನಿನ್ನ ಭಾವನಿಗೆ ಅದನ್ನು ಓದಿ ಹೇಳಿಲ್ಲ. ಹಬ್ಬಕ್ಕೆ ಬರುತ್ತಾಳೆಂದು ಅವರು ಅವಳ ಕುರ್ಚಿಗೆ ಹೊಸ ಕಾಲು ಕೂರಿಸುತ್ತಿದ್ದಾರೆ. ಇಷ್ಟು ವರ್ಷದಲ್ಲಿ ಅವಳ ಕೈಮಾತಿನಲ್ಲಿ ನನ್ನ ಕೈಗೆ ಹತ್ತಿದ್ದು ಊಟ, ನಿದ್ದೆ, ಚಳಿ, ಇಷ್ಟೇ. ಮಿಕ್ಕಿದ್ದನ್ನು ನಾವಿಬ್ಬರೇ ಮಾತಾಡಿಕೊಳ್ಳುತ್ತಿದ್ದೆವು, ಅವಳೆದುರಿಗೇ. ಅವಳನ್ನು ಬಯ್ಯಬೇಡ. ಮುಂದಿನ ಭಾನುವಾರ ಹೋದಾಗ ಇದೊಂದನ್ನು ಇನ್ನೊಮ್ಮೆ ಸರಿಯಾಗಿ ಕೇಳಿ ಬರೆ: ಈ ಹಬ್ಬಕ್ಕೆ ಮಾತ್ರ ಬರುವುದಿಲ್ಲ ಎಂದಳೋ, ಇನ್ನು ಬರುವುದೇ ಇಲ್ಲ ಎಂದಳೋ.