ಕೊಳಕಿನ ಸಮೇತ ಹೊಲಿದ ಕೈ

ಮಾನ್ಯ ನಗರ ಆರೋಗ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆ ನನ್ನ ತಮ್ಮನ ಎಡಗೈಯನ್ನು ಒಳಗಿನ ಕೊಳಕಿನ ಸಮೇತ ಹೊಲಿದು ಮನೆಗೆ ಕಳಿಸಿತು. ಅದೇ ಘನಕಾರ್ಯವನ್ನು ಇನ್ನೊಬ್ಬನ ಕೈಗೂ ಮಾಡಿದೆ ಎಂದು ಇವತ್ತು ಬೆಳಿಗ್ಗೆ ಗೊತ್ತಾಯಿತು. ಕ್ಷೇಮ ಸಮಾಚಾರ ವಿಚಾರಿಸಲು ಪುರುಸೊತ್ತಿಲ್ಲ, ಕ್ಷಮಿಸಿ. ನಾನು ದರ್ಜಿ. ಕಸಾಯಿಖಾನೆಯ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹರವಿಕೊಂಡು ನಿಂತೇ ಬರೆಯುತ್ತಿದ್ದೇನೆ. ಕೂತರೆ ಕಾಲು ಸುಮ್ಮನಿರುತ್ತಿಲ್ಲ.

ನನ್ನ ತಮ್ಮ ಕಸಾಯಿಖಾನೆಯಲ್ಲಿ ಗನ್ ಹಿಡಿಯುವವನು. ಹೆಸರು ಗನ್ ಆದರೂ ಅದರಿಂದ ಗುಂಡು ಹಾರುವುದಿಲ್ಲ. ಬೆರಳುದ್ದದ ಉಕ್ಕಿನ ಸರಳೊಂದು ಚಿಮ್ಮಿ, ಪ್ರಾಣಿಯ ಹಣೆಗೆ ಹೊಡೆದು, ಅದು ಪ್ರಜ್ಞೆ ತಪ್ಪಿ ಬೀಳುವಷ್ಟರಲ್ಲಿ ವಾಪಸ್ಸು ಒಳಸೇರಿರುತ್ತದೆ. ಹೋದ ವಾರ ಒಂದು ಕೋಣ ಬೆದರಿ ನಿಂತಿತ್ತು. ಇವನು ಎಡಗೈಯನ್ನು ಅದರ ಹಣೆಗಿಟ್ಟು, 'ಆಯ್ತು, ಆಯ್ತು' ಎನ್ನುತ್ತಾ ಬಲಗೈಯಲ್ಲಿ ಗನ್ ತಂದ. ಕೋಣ ತಲೆ ಕೊಡವಿತು. ಸರಳು ಇವನ ಕೈಯನ್ನೇ ತೂರಿ ಕೋಣದ ಹಣೆಗೆ ತಾಗಿ ಹಿಂದಕ್ಕೆ ಬಂತು. ಅಂಗೈಯ ಹಿಂಬದಿಯಲ್ಲಿ ಉಳಿದದ್ದು ಅಂಗಿಯ ಗುಂಡಿಯಷ್ಟು ಅಗಲದ ಒಂದು ತೂತು, ಸುತ್ತ ಕಪ್ಪು ಮಸಿ. ಅಂಗೈಯ ಕಡೆ ಒಂದು ಸಣ್ಣ ಸೀಳು. ರಕ್ತವೂ ಹೆಚ್ಚು ಬರಲಿಲ್ಲ. ಅವನ ದುರದೃಷ್ಟ, ಗಾಯ ನೋಡಲು ಮರ್ಯಾದಸ್ಥನ ಹಾಗೆ ಕಾಣುತ್ತಿತ್ತು.

ನಿಮ್ಮ ಆಸ್ಪತ್ರೆಯ ಡ್ಯೂಟಿ ಡಾಕ್ಟರು ಅದನ್ನು ಕಂಡು ನಕ್ಕರು. "ಇಷ್ಟೇನಾ? ಗಾಬರಿ ಬೀಳ್ಬೇಡಿ ಅಮ್ಮ, ಎರಡು ಹೊಲಿಗೆ ಹಾಕಿದ್ರೆ ಮುಗೀತು."

ತಮ್ಮ ಹೇಳಿದ: "ಸರ್, ಒಳಗೇನೋ ಉಳ್ಕೊಂಡಂಗಿದೆ. ಚುಚ್ತಾ ಇದೆ."

"ಉಳ್ಕೊಳ್ಳೋಕೆ ಗುಂಡೇನಪ್ಪಾ ಅದು? ಸರಳು ವಾಪಸ್ ಬರುತ್ತೆ ಅಂತ ನೀನೇ ಹೇಳ್ದೆಯಲ್ಲ!"

ಎಂಥ ತರ್ಕ, ನೋಡಿ. ಸರಳು ವಾಪಸ್ಸು ಬಂತು, ಸರಿ. ಅದು ಬರುವಾಗ ಜೊತೆಗೆ ಏನೇನು ಎಳೆದು ತಂದಿತು ಎಂದು ಕೇಳುವ ವ್ಯವಧಾನ ಯಾರಿಗಿತ್ತು? ಬೆರಳು ಅಲ್ಲಾಡುತ್ತಿವೆ, ಎಕ್ಸ್‌ರೇ ಬೇಡ ಎಂದರು. ಮೇಲೆ ಎರಡು, ಕೆಳಗೆ ಒಂದು ಹೊಲಿಗೆ ಹಾಕಿ, ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದು ಕಳಿಸಿದರು. ಹೊಲಿಗೆ ಅಚ್ಚುಕಟ್ಟಾಗಿತ್ತು, ಇಲ್ಲವೆನ್ನುವುದಿಲ್ಲ. ಅದನ್ನು ನೋಡಿ ನಮ್ಮಮ್ಮನಂತೂ "ನಿನಗಿಂತ ಚೆನ್ನಾಗಿ ಹಾಕಿದ್ದಾರೆ ಕಣೇ" ಎಂದು ನನ್ನನ್ನು ಛೇಡಿಸಿದಳು.

ಮರುದಿನ ಕೈ ಊದಿತು. ಅದರ ಮರುದಿನ ಕೆಂಪು ಮೊಣಕೈವರೆಗೆ ಏರಿತು. ಅವನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ತಿರುಗುತ್ತಲೇ ಇದ್ದ. ಕೈ ಕೆಳಗೆ ಬಿಟ್ಟರೆ ಸಿಡಿತ, ಮೇಲೆತ್ತಿದರೂ ಸಿಡಿತ. ಜ್ವರದಲ್ಲಿ ಬಡಬಡಿಸಲು ಶುರು ಮಾಡಿದ ಮೇಲೆ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿಯ ಕೈ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಹೊಲಿಗೆ ಬಿಚ್ಚಿದರು. ಒಳಗೆ ಕೀವಿನ ನಡುವೆ ಕೋಣದ ಕೂದಲು, ಚೂರು ಚರ್ಮ, ಇವನದೇ ಮೂಳೆಯ ಸಿಬಿರು.

"ಇದನ್ನ ಮುಚ್ಚಿದವರು ಯಾರ್ರೀ? ಇಂಥ ಗಾಯ ಹೊರಗೆ ಸಣ್ಣದಾಗೇ ಕಾಣೋದು. ಬಿಚ್ಚಿ ತೊಳ್ದು, ತೆರೆದೇ ಇಡ್ಬೇಕು. ಹೊಲಿಯೋ ಮಾತು ಆಮೇಲೆ" ಎಂದು ನನ್ನ ಮೇಲೆ ರೇಗಿದರು. ನಿಮ್ಮ ಪಾಲಿನ ಬೈಗುಳವನ್ನು ನಾನು ತಿಂದೆ. ಎರಡು ಸಲ ಒಳಗೆ ತೊಳೆದಿದ್ದಾರೆ. ಕಿರುಬೆರಳು, ಉಂಗುರದ ಬೆರಳು ಉಳಿಯುತ್ತವೋ ಇಲ್ಲವೋ ನಾಳೆ ಹೇಳುತ್ತಾರಂತೆ.

ತಮ್ಮ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದ: "ಅಕ್ಕಾ, ಎರಡು ಬೆರಳು ಹೋದ್ರೆ ನನ್ನ ಗ್ಲೌಸ್ ಆಲ್ಟರ್ ಮಾಡ್ಕೊಡ್ತೀಯಾ? ಮನೆಯವರು ಅಂತ ಮುಂದಕ್ಕೆ ಹಾಕ್ಬೇಡ ಮತ್ತೆ." ಬಾಯಿಗೆ ಬಂದಂತೆ ಬೈದೆ. ಆಮೇಲೆ ವರಾಂಡಕ್ಕೆ ಹೋಗಿ ಗೋಡೆ ಕಡೆ ಮುಖ ಮಾಡಿ ಅತ್ತೆ.

ನಿನ್ನೆ ನಿಮ್ಮ ಕಚೇರಿಗೂ ಬಂದಿದ್ದೆ. ನೆನಪಿದೆಯೇ? ಬಾಗಿಲಲ್ಲೇ ನಿಲ್ಲಿಸಿ ನೀವು ಕೇಳಿದ್ದು ಒಂದೇ ಪ್ರಶ್ನೆ. "ಹಣೆ ಮೇಲೆ ಕೈ ಯಾಕಮ್ಮ ಇಡ್ಬೇಕಿತ್ತು?" ಒಳ್ಳೆಯ ಪ್ರಶ್ನೆ, ಸ್ವಾಮಿ. ಗನ್ ಹಿಡಿಯುವವರೆಲ್ಲರೂ ಇಡುತ್ತಾರೆ. ಬೆದರಿದ ಪ್ರಾಣಿ ಹಣೆ ಮೇಲೆ ಕೈ ಬಿದ್ದರೆ ಒಂದು ಗಳಿಗೆ ತಣ್ಣಗಾಗುತ್ತದಂತೆ, ಗುರಿಯೂ ತಪ್ಪುವುದಿಲ್ಲವಂತೆ. ಕೈ ಇಡಬಾರದು ಎಂದೇ ಅಲ್ಲಿ ತಲೆ ಹಿಡಿದಿಡುವ ಕಬ್ಬಿಣದ ಚೌಕಟ್ಟು ಇದೆಯಲ್ಲ ಎನ್ನುತ್ತೀರಿ. ಇದೆ, ಬಲು ಚಂದವಾಗಿದೆ. ನೀವು ತಪಾಸಣೆಗೆ ಬರುತ್ತೀರಿ ಎಂದಾಗಲೆಲ್ಲ ಅದಕ್ಕೆ ಹಸಿರು ಬಣ್ಣ ಬಳಿಯುತ್ತಾರೆ. ಬಳಿದೂ ಬಳಿದೂ ಅದರ ಕೀಲು ಬಣ್ಣದಲ್ಲೇ ಕಚ್ಚಿಕೊಂಡು ಕೂತಿದೆ. ನಾಲ್ಕು ಜನ ಜಗ್ಗಿದರೂ ಮುಚ್ಚುವುದಿಲ್ಲ. ನೀವೇ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ. ಒಮ್ಮೆ ಕೈ ಹಾಕಿ ಅಲ್ಲಾಡಿಸಿ ನೋಡಬಾರದಿತ್ತೇ? ಬಣ್ಣ ಹಸಿ ಇತ್ತೇನೋ ಪಾಪ.

ಇನ್ನು ಅಲ್ಲಿಯ ಪ್ರಥಮ ಚಿಕಿತ್ಸಾ ಕೊಠಡಿ. ಕೆಲಸ ಶುರುವಾಗುವುದು ನಸುಕಿನಲ್ಲಿ. ಕೊಠಡಿಯ ಬೀಗ ತೆಗೆಯುವುದು ನಿಮ್ಮ ಕಚೇರಿಯ ವೇಳೆಗೆ, ಅಂದರೆ ಕೆಲಸ ಮುಗಿದು ನೆಲ ತೊಳೆದು ಒಣಗಿದ ಮೇಲೆ. ಕತ್ತಿ ಜಾರಲಿ, ಗರಗಸ ಕಚ್ಚಲಿ, ಗನ್ ಬಡಿಯಲಿ, ಕಚೇರಿ ವೇಳೆಯವರೆಗೆ ಗಾಯ ತಾಳ್ಮೆಯಿಂದ ಕಾಯಬೇಕು. ಅಲ್ಲಿಯವರೆಗೆ ಅವರು ಮಾಡುವುದೇನು ಗೊತ್ತೇ? ಏಪ್ರನ್ನಿನ ದಾರ ಕಿತ್ತು ಬಿಗಿಯುತ್ತಾರೆ. ಆ ದಾರಗಳು ಮತ್ತೆ ಹೊಲಿಸಿಕೊಳ್ಳಲು ನನ್ನ ಬಳಿಗೇ ಬರುತ್ತವೆ. ಎಷ್ಟು ಹೊಲಿದಿದ್ದೇನೋ ಲೆಕ್ಕವಿಲ್ಲ.

ಈಗ ಇವತ್ತಿನ ವಿಷಯಕ್ಕೆ ಬರುತ್ತೇನೆ. ತಮ್ಮನ ಬದಲಿಗೆ ಗನ್ ಹಿಡಿದವನು ಅವನ ಗೆಳೆಯ. ಎಲ್ಲರೂ ಮೀಸೆ ಎಂದೇ ಕರೆಯುವುದು. ಬೆಳಿಗ್ಗೆ ಅವನ ಹೆಂಡತಿ ಗಂಡನ ತುಂಬುತೋಳಿನ ಅಂಗಿ ಹಿಡಿದುಕೊಂಡು ಅಂಗಡಿಗೆ ಬಂದಳು.

"ಅಕ್ಕಾ, ಈ ತೋಳು ಸ್ವಲ್ಪ ಬಿಚ್ಕೊಡ್ತೀರಾ? ಅವ್ರ ಕೈ ಊದ್ಕೊಂಡು ಒಳಗೆ ಹೋಗ್ತಾನೇ ಇಲ್ಲ."

ಅಂಗಿ ಈಸಿಕೊಂಡು ಕೇಳಿದೆ: "ಹೊಲಿಗೆ ಹಾಕಿದ್ದಾರಾ?"

"ಹೂಂ, ಮೊನ್ನೆ ಗನ್ ತಾಗಿದ್ದಕ್ಕೆ ಎರಡೇ ಎರಡು. ಎಷ್ಟು ನೀಟಾಗಿದೆ ಗೊತ್ತಾ!"

ಅಂಗಿಯನ್ನು ಅಲ್ಲೇ ಬಿಸಾಕಿ, ಮೀಸೆಯನ್ನು ನಿಮ್ಮ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಕಿಟಕಿಯಲ್ಲಿದ್ದವರು ತಲೆಯೆತ್ತದೆ ಹೇಳಿದರು: "ಹೊಲಿಗೆ ಬಿಚ್ಚೋದು ವಾರದ ಮೇಲೆ. ಈಗಲೇ ಯಾಕೆ ಬಂದ್ರಿ?" ದೊಡ್ಡಾಸ್ಪತ್ರೆಗೆ ಕಳಿಸಿ ಎಂದರೆ ಅದಕ್ಕೆ ಸಾಹೇಬರ, ಅಂದರೆ ನಿಮ್ಮ, ಒಪ್ಪಿಗೆ ಬೇಕಂತೆ, ಸಾಹೇಬರು ಸಭೆಯಲ್ಲಿದ್ದಾರಂತೆ. ಒಪ್ಪಿಗೆಯಿಲ್ಲದೆ ಅಲ್ಲಿ ಸೇರಿಸಿಕೊಳ್ಳಬೇಕಾದರೆ ಜೀವಕ್ಕೆ ಅಪಾಯವಿರಬೇಕಂತೆ. ನನ್ನ ತಮ್ಮ ಬಡಬಡಿಸಿ ಆ ಅರ್ಹತೆ ಸಂಪಾದಿಸಿದ. ಇವನೂ ಬಡಬಡಿಸುವವರೆಗೆ ನಾವು ಮುಖ ನೋಡಿಕೊಂಡು ಕೂರಬೇಕೇ?

ಆದ್ದರಿಂದ ಈ ಪತ್ರ. ಒಂದು ಪ್ರತಿ ನಿಮ್ಮ ಕಚೇರಿಯ ಬಾಗಿಲಿಗೆ, ಇನ್ನೊಂದು ಸಂಜೆ ಪತ್ರಿಕೆಗೆ. ಆ ಕೀಲಿನ ಬಣ್ಣ ಕೆರೆಸಿ. ಕೆಲಸ ನಡೆಯುವ ಹೊತ್ತಿಗೆ ಆ ಕೊಠಡಿ ತೆರೆಸಿ. ಗನ್ನಿನ ಗಾಯವನ್ನು ಬಿಚ್ಚಿ ತೊಳೆಯದೆ ಯಾರೂ ಹೊಲಿಯಕೂಡದು ಎಂದು ಆದೇಶ ಹೊರಡಿಸಿ. ಇವಕ್ಕೆಲ್ಲ ನೀವು ಸಭೆ ಸೇರಬೇಕು, ಗೊತ್ತು. ಸೇರಿ. ಆದರೆ ಮೀಸೆಯ ಕೈಗೆ ಸಭೆ ಬೇಡ. ಅವನ ಹೊಲಿಗೆ ಇವತ್ತೇ, ಈಗಲೇ ಬಿಚ್ಚಬೇಕು. ಹೊಲಿಗೆ ಬಿಚ್ಚುವುದು ನನಗೂ ಬರುತ್ತದೆ, ಕತ್ತರಿ ಇಲ್ಲೇ ಮೇಜಿನ ಮೇಲಿದೆ. ಅದರತ್ತ ಆಗಲೇ ಎರಡು ಸಲ ಕೈ ಹೋಗಿದೆ. ಬಟ್ಟೆಯ ಕತ್ತರಿ ಎಂದು ನನ್ನನ್ನು ನಾನೇ ಗದರಿಸಿಕೊಂಡು ಪೆನ್ನು ಹಿಡಿದಿದ್ದೇನೆ.

ಮೀಸೆ ಇಲ್ಲೇ ನನ್ನ ಅಂಗಡಿಯ ಬೆಂಚಿನ ಮೇಲೆ ಕೈಯನ್ನು ಎದೆಗೆ ಆನಿಸಿಕೊಂಡು ಕೂತಿದ್ದ. ಈಗಷ್ಟೇ ಎದ್ದ. ಬಾಗಿಲಿಂದ ಹೊಲಿಗೆ ಯಂತ್ರದವರೆಗೆ, ಯಂತ್ರದಿಂದ ಬಾಗಿಲವರೆಗೆ ತಿರುಗಲು ಶುರು ಮಾಡಿದ್ದಾನೆ.

ಇಂತಿ,
ನಾಳೆ ಗ್ಲೌಸಿನ ಅಳತೆ ತೆಗೆಯಬೇಕೋ ಬೇಡವೋ ಎಂದು ಕಾಯುತ್ತಿರುವ
ಒಬ್ಬ ದರ್ಜಿ, ಒಬ್ಬನ ಅಕ್ಕ