ಭಾನುವಾರದ ಸೂಜಿ

ಚಂದ್ರಾ ಲೇಔಟ್, ಬೆಂಗಳೂರು
14 ಸೆಪ್ಟೆಂಬರ್ 2025, ಭಾನುವಾರ

ಗೆಳೆಯ ಕಾಂತರಾಜುವಿಗೆ, ಸುಬ್ರಮಣಿಯ ನಮಸ್ಕಾರ.

ನಾನು, ವರಲಕ್ಷ್ಮಿ ಇಬ್ಬರೂ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ. ನೀನು ಕೆಂಗೇರಿಯ ಹೊಸ ಮನೆಗೆ ಹೋಗಿ ಮೂರು ತಿಂಗಳು ದಾಟಿತು. ನೀನು ಎಷ್ಟೋ ಸಲ ಫೋನ್ ಮಾಡಿದೆ, ನಾನು ಒಂದು ಸಲವೂ ಎತ್ತಲಿಲ್ಲ. ಗೃಹಪ್ರವೇಶಕ್ಕೂ ಬರಲಿಲ್ಲ. ವರಲಕ್ಷ್ಮಿಯೊಬ್ಬಳನ್ನೇ ಕಳಿಸಿ, ನನಗೆ ಜ್ವರ ಎಂದು ಹೇಳಿಸಿದೆ. ನೀನು ಎಷ್ಟು ಬೈದುಕೊಂಡಿದ್ದೀಯೋ ಅಷ್ಟೂ ನನಗೆ ಸಲ್ಲಬೇಕಾದದ್ದೇ.

ಮೆಟ್ರೋ ಹತ್ತಿದರೆ ಅರ್ಧ ಗಂಟೆಯ ದಾರಿಗೆ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುವವನು. ಬೀದಿಗೆಲ್ಲ ಕೇಳಿಸುತ್ತದೆ. ಎದುರಿಗೆ ಬಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಇದನ್ನು ಒಬ್ಬನೇ ಕೂತು ಓದು.

ನನಗೆ ಹೆಪಟೈಟಿಸ್ ಸಿ ಇದೆಯಂತೆ. ಲಿವರಿಗೆ ಬರುವ ಕಾಯಿಲೆ, ರಕ್ತದಿಂದ ರಕ್ತಕ್ಕೆ ದಾಟುತ್ತದೆ. ಕಣ್ಣಿನ ಪೊರೆ ತೆಗೆಸಲು ಹೋಗಿದ್ದೆನಲ್ಲ, ಆಪರೇಷನ್‌ಗೆ ಮೊದಲು ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಯಿತು. ನಿಮ್ಮನ್ನು ಪಾರ್ಕಿನಲ್ಲಿ ಬೀಳ್ಕೊಟ್ಟ ಭಾನುವಾರದ ಮಾರನೆಯ ದಿನ, ಸೋಮವಾರ, ರಿಪೋರ್ಟ್ ಬಂತು. ರಾಜಾಜಿನಗರದ ಫ್ಯಾಕ್ಟರಿಯಲ್ಲಿ ನನ್ನ ಕೈ ಲೇತ್‌ಗೆ ಸಿಕ್ಕಿಕೊಂಡ ವರ್ಷ ಎರಡು ಬಾಟಲಿ ರಕ್ತ ಹಾಕಿದ್ದರು. ಅದರಲ್ಲೇ ಬಂದು ಮೂವತ್ತು ವರ್ಷ ಸುಮ್ಮನೆ ಕೂತಿರಬಹುದು ಎನ್ನುತ್ತಾರೆ ಡಾಕ್ಟರು. ಅವತ್ತು ನಿನ್ನ ಶರ್ಟು ಬಿಚ್ಚಿ ನನ್ನ ಕೈಗೆ ಸುತ್ತಿ, ಬನಿಯನ್ನಿನಲ್ಲೇ ಆಟೋ ಹತ್ತಿಸಿಕೊಂಡು ಹೋದವನು ನೀನು.

ಹನ್ನೆರಡು ವಾರ, ದಿನಕ್ಕೊಂದು ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಈಗ ಎಂಟು ವಾರ ಮುಗಿದಿದೆ. ಹೆಚ್ಚುಕಮ್ಮಿ ಎಲ್ಲರಿಗೂ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ನನಗೆ ಹೆದರಿಕೆ ಕಾಂತರಾಜು. ಕಾರಣ ನಮ್ಮ ಶುಗರ್ ಮೆಷಿನ್. ನನ್ನ ಕೈಯಿಂದ ನಿಮ್ಮ ಗಂಡ ಹೆಂಡಿರಿಬ್ಬರಿಗೂ, ನಿನಗೂ ಪುಟ್ಟಲಕ್ಷ್ಮಿಗೂ, ಈ ಕಾಯಿಲೆ ದಾಟಿರಬಹುದು.

ಅದನ್ನು ಬರೆಯುವ ಮೊದಲು ನನ್ನ ಸುಸ್ತಿನ ಕಥೆ ಕೇಳು. ಎರಡು ಶಿಫ್ಟ್ ಒಟ್ಟಿಗೆ ಮಾಡಿಯೂ ಸಂಜೆ ಸಿನಿಮಾಕ್ಕೆ ಹೋಗುತ್ತಿದ್ದವನು, ಈಗ ಎರಡು ಮೆಟ್ಟಿಲು ಹತ್ತಿದರೆ ಮೂರನೆಯದನ್ನು ನೋಡುತ್ತಾ ನಿಲ್ಲುತ್ತೇನೆ. ಮೈಯೆಲ್ಲ ಒದ್ದೆ ಗೋಣಿಚೀಲದ ಭಾರ. ಒಂದು ದಿನ ಸ್ನಾನಕ್ಕೆ ಹೋದವನು ಸ್ಟೂಲಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದೇನೆ. ವರಲಕ್ಷ್ಮಿ ಬಾಗಿಲು ಬಡಿದು, "ಏನ್ರೀ, ನೀರು ಕಾಯ್ಸಿ ಒಂದ್ ಗಂಟೆ ಆಯ್ತು, ನೀವು ಒಳಗೇ ಸಂಸಾರ ಹೂಡ್ಬಿಟ್ರಾ?" ಎಂದು ಕೂಗಿದಳು. ಬಾಗಿಲು ತೆಗೆದು ನನ್ನ ಮುಖ ನೋಡಿದ ಮೇಲೆ ಮತ್ತೆ ತಮಾಷೆ ಮಾಡಲಿಲ್ಲ. ಇನ್ನೊಂದು ದಿನ ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಮಲಗಿ, ವಿಜಯನಗರ ದಾಟಿ ಎಲ್ಲೋ ಹೋಗಿಬಿಟ್ಟಿದ್ದೆ. ಕಂಡಕ್ಟರ್ ಎಬ್ಬಿಸಿ, "ಯಜಮಾನ್ರೇ, ಇದೇ ಲಾಸ್ಟ್ ಸ್ಟಾಪು, ಇಳೀರಿ" ಎಂದ.

ಹಗಲೆಲ್ಲ ಹೀಗೆ ತೂಕಡಿಸುತ್ತೇನೆ. ರಾತ್ರಿ ದೀಪ ಆರಿಸಿದರೆ ಕಣ್ಣು ಮುಚ್ಚುವುದೇ ಇಲ್ಲ. ಕಾಯಿಲೆಯಿಂದ ಸ್ವಲ್ಪ, ಮಾತ್ರೆಯಿಂದ ಸ್ವಲ್ಪ, ಉಳಿದದ್ದು ನಿಮ್ಮ ತಲೆಯಿಂದ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯಲ್ಲಿ ಗುರುದೇವಿ ಎಂಬ ನರ್ಸ್ ಇದ್ದಾಳೆ, ಬಾಗಲಕೋಟೆ ಕಡೆಯ ಹುಡುಗಿ, ವಯಸ್ಸಿಗಿಂತ ಗದರುವುದು ಜಾಸ್ತಿ. "ಸರ, ದಣಿವಿನ ಜೋಡಿ ಕುಸ್ತಿ ಹಿಡೀಬ್ಯಾಡ್ರಿ. ಹಗಲಿ ಅರ್ಧಾ ತಾಸು ಮಲಗ್ರಿ, ಅದೂ ಮೂರರೊಳಗ. ಮಧ್ಯಾಹ್ನದ ಮ್ಯಾಲೆ ಕಾಫಿ ಬಂದ್. ಮುಂಜಾನಿ ಬಿಸಿಲಾಗ ಒಂಚೂರು ಅಡ್ಡಾಡ್ರಿ. ರಾತ್ರಿ ನಿದ್ದಿ ಬರ್ಲಿಲ್ಲಂದ್ರ ಹಾಸಿಗ್ಯಾಗ ಒದ್ದಾಡ್ಬ್ಯಾಡ್ರಿ, ಎದ್ದು ಬ್ಯಾರೆ ಕಡೆ ಕುಂದರ್ರಿ, ಫೋನ್ ಮುಟ್ಟಬ್ಯಾಡ್ರಿ" ಎಂದು ಪಟ್ಟಿ ಹೇಳಿದಳು. ನಿದ್ದೆಯ ಮಾತ್ರೆ ಕೊಡಿ ಎಂದೆ. ನಮ್ಮನ್ನು ಕೇಳದೆ ಒಂದು ಗುಳಿಗೆಯನ್ನೂ ನುಂಗಬಾರದು ಎಂದು ಬೈದಳು.

ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಬೆಳಗ್ಗೆ ಟೆರೇಸಿನಲ್ಲಿ ಹತ್ತು ಸುತ್ತು. ತಿಂಡಿ ಆದ ಮೇಲೆ ಒಂಬತ್ತಕ್ಕೆ ಸರಿಯಾಗಿ ಮಾತ್ರೆ. ಸಾಯಂಕಾಲದ ಕಾಫಿಯ ಹೊತ್ತಿಗೆ ವರಲಕ್ಷ್ಮಿ ಬಿಸಿನೀರು ತಂದು ಕೊಡುತ್ತಾಳೆ, ನಾನು ಅವಳ ಲೋಟದ ವಾಸನೆ ಕುಡಿಯುತ್ತೇನೆ. ತರಕಾರಿ ತರುವುದು ಒಂದು ದಿನ, ರೇಷನ್ ಇನ್ನೊಂದು ದಿನ ಎಂದು ಕೆಲಸ ಹಂಚಿಕೊಂಡಿದ್ದೇನೆ. ಎಷ್ಟು ಗಂಟೆ ಮಲಗಿದೆ ಎಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಮೊದಲು ಎರಡು ಗಂಟೆ ಇದ್ದದ್ದು ಈಗ ನಾಲ್ಕೂವರೆಗೆ ಬಂದಿದೆ. ಆದರೆ ನಿದ್ದೆ ಬಾರದ ಹೊತ್ತಿಗೆ ಹಾಲ್‌ನ ಕುರ್ಚಿಯಲ್ಲಿ ಕೂತರೆ ನನ್ನ ಕಣ್ಣ ಮುಂದೆ ಬೆರಳುಗಳೇ ಬರುತ್ತವೆ. ನಾನು ಚುಚ್ಚಿದ ಬೆರಳುಗಳು. ಅದಕ್ಕೆ ಗುರುದೇವಿಯ ಪಟ್ಟಿಯಲ್ಲಿ ಏನೂ ಇಲ್ಲ.

ಪಾರ್ಕಿನ ಶುಗರ್ ಟೆಸ್ಟ್ ನನ್ನ ದರ್ಬಾರು ಎಂದು ನೀನೇ ಅನ್ನುತ್ತಿದ್ದೆ. ಪ್ರತಿ ಭಾನುವಾರ ವಾಕಿಂಗ್ ಮುಗಿದ ಮೇಲೆ ಕಲ್ಲುಬೆಂಚಿನ ಮೇಲೆ ನಾನು, ಎದುರಿಗೆ ಕೈ ಚಾಚಿಕೊಂಡು ನೀವು. ನೋವಾಗುವುದಿಲ್ಲ ಎಂದು ತೋರಿಸಲು ಮೊದಲು ನನ್ನ ಬೆರಳು, ಆಮೇಲೆ ನಿಮ್ಮೆಲ್ಲರದು. ಸ್ಟ್ರಿಪ್ ಮಾತ್ರ ಒಬ್ಬೊಬ್ಬರಿಗೆ ಹೊಸದು. ಸೂಜಿ ಅದೇ. ಪ್ರತಿ ಸಲ ಹೊಸ ಸೂಜಿ ಎಂದು ಡಬ್ಬಿಯ ಮೇಲೆ ಬರೆದಿತ್ತು, ನಾನು ಓದಿದ್ದೆ. ಆದರೆ ನಾವು ಲೇತ್ ಮೇಲೆ ಕಬ್ಬಿಣ ಕಡೆದ ಟರ್ನರ್‌ಗಳು. ಮೊಂಡಾಗದ ಟೂಲನ್ನು ತೆಗೆದು ಎಸೆದರೆ ಫೋರ್‌ಮನ್ ಮರ್ಯಾದೆ ತೆಗೆಯುತ್ತಿದ್ದ. ಭೂತಗನ್ನಡಿ ಹಿಡಿದು ತುದಿ ನೋಡುತ್ತಿದ್ದೆ, ಚೂಪಾಗಿಯೇ ಇರುತ್ತಿತ್ತು. ಸ್ಪಿರಿಟ್‌ನಲ್ಲಿ ಒರೆಸಿದರೆ ಆಯಿತು ಎಂದುಕೊಂಡೆ. ಒಂದು ಸೂಜಿಯಲ್ಲಿ ಎರಡು ತಿಂಗಳು ನಡೆಸಿದೆ ಎಂದು ಎಲ್ಲರೆದುರು ಜಂಬ ಕೊಚ್ಚಿಕೊಂಡಿದ್ದೆ, ನೀನು ಚಪ್ಪಾಳೆ ತಟ್ಟಿದ್ದೆ.

ಕಳೆದ ತಿಂಗಳು ಗುರುದೇವಿ ಮನೆಯವರ ಬಗ್ಗೆ ವಿಚಾರಿಸುವಾಗ ಇದನ್ನು ಬಾಯಿ ಬಿಟ್ಟೆ. ಅವಳು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. "ಒರೆಸಿದ್ರ ಹೋಗೂದಿಲ್ರಿ ಅದು. ಎಲ್ಲಾರಿಗೂ ಹೇಳ್ರಿ, ಎಲ್ಲಾರೂ ರಕ್ತ ತೋರಿಸ್ಬೇಕು" ಎಂದಳು. ವರಲಕ್ಷ್ಮಿಯ ಟೆಸ್ಟು ಅವತ್ತೇ ಆಯಿತು, ಏನೂ ಇಲ್ಲ. ಎರಡು ವಾರ ನಾನು ಬೇರೆ ತಟ್ಟೆ ಇಟ್ಟುಕೊಂಡು ಮೂಲೆಯಲ್ಲಿ ಉಣ್ಣುತ್ತಿದ್ದೆ. ಒಟ್ಟಿಗೆ ಉಂಡರೆ ಹರಡುವುದಿಲ್ಲ ಎಂದು ಗುರುದೇವಿ ಹೇಳಿದ್ದೇ ತಡ, ವರಲಕ್ಷ್ಮಿ ಮನೆಗೆ ಬಂದು ನನ್ನ ತಟ್ಟೆಯಿಂದಲೇ ಒಂದು ತುತ್ತು ಎತ್ತಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ.

ಹೋದ ಭಾನುವಾರ ಪಾರ್ಕಿಗೆ ಹೋಗಿ ಎಲ್ಲರನ್ನೂ ಕೂರಿಸಿ ಹೇಳಿದೆ.  ಮಹದೇವ್ ಎದ್ದು ನಿಂತ. "ಏನ್ ಸುಬ್ರಮಣಿ, ಪುಣ್ಯ ಕಟ್ಕೊಳ್ತೀನಿ ಅಂತ ನಮ್ ಮನೆ ಹಾಳು ಮಾಡ್ಬಿಟ್ಯಲ್ಲಯ್ಯಾ" ಎಂದ. ಪಕ್ಕದಲ್ಲಿದ್ದವರು, "ಬಿಡಪ್ಪಾ, ಅವ್ರಿಗೇನ್ ಗೊತ್ತಿತ್ತಾ ಪಾಪ" ಎಂದು ಅವನನ್ನು ಸಮಾಧಾನ ಮಾಡಿದರು. ಆ 'ಪಾಪ' ಕೇಳಿ ನಾನು ತಲೆ ಎತ್ತಲಿಲ್ಲ. ಇಲ್ಲಿಯವರೆಗೆ ಐದು ಜನರ ರಿಪೋರ್ಟ್ ಬಂದಿದೆ, ನಾಲ್ವರಿಗೆ ಏನೂ ಇಲ್ಲ. ಮಹದೇವನದು ಇನ್ನೊಂದು ಟೆಸ್ಟ್ ಮಾಡಬೇಕಂತೆ. ಮೊನ್ನೆ ಅವನ ಮನೆಗೆ ಹೋದರೆ ಬಾಗಿಲು ತೆಗೆಯಲಿಲ್ಲ.

ಇನ್ನು ನೀವಿಬ್ಬರೇ ಉಳಿದಿರುವುದು. ಈ ಕಾಗದ ತಲುಪಿದ ದಿನವೇ ಇಬ್ಬರೂ ರಕ್ತ ಕೊಟ್ಟು ಬನ್ನಿ, ಹೆಪಟೈಟಿಸ್ ಸಿ ಎಂದು ಬಾಯಿಬಿಟ್ಟು ಕೇಳಿ. ಮೂರು ತಿಂಗಳು ಕಳೆದಿರುವುದರಿಂದ ಇದ್ದರೆ ಬಹುಪಾಲು ಈಗಲೇ ತಿಳಿಯುತ್ತದೆಯಂತೆ. ಆರು ತಿಂಗಳಿಗೆ ಇನ್ನೊಂದು ಸಲ ನೋಡಿಸಿ. ಇದ್ದರೂ ಮಾತ್ರೆ ಇದೆ, ವಾಸಿಯಾಗುತ್ತದೆ.  ನನಗೆ ನಿನ್ನ ಕ್ಷಮೆ ಆಮೇಲೆ ಸಿಕ್ಕರೂ ಸಾಕು, ಮೊದಲು ರಿಪೋರ್ಟ್ ಸರಿಯಾಗಿ ಬರಲಿ.

ಹೊಸ ಮನೆಯಲ್ಲಿ ನೀವಿಬ್ಬರೂ ನೂರು ಕಾಲ ಕಾಯಿಲೆ ಕಸಾಲೆ ಇಲ್ಲದೆ ಬಾಳಿ. ತಂಗಿ ಪುಟ್ಟಲಕ್ಷ್ಮಿಗೆ ನನ್ನ ಆಶೀರ್ವಾದ.

ಇತಿ ನಿನ್ನ,
ಸುಬ್ರಮಣಿ

ತಾ.ಕ.: ಕವರು ಅಂಟಿಸಿ, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ರಿಪೋರ್ಟ್ ಸೋಮವಾರ ಬಂತು ಎಂದು ಬರೆದದ್ದು ಸುಳ್ಳು. ಪಾರ್ಕಿನಲ್ಲೂ ಅದೇ ಸುಳ್ಳು ಹೇಳಿದೆ. ಬಂದದ್ದು ಅದಕ್ಕೆ ಮೊದಲಿನ ಗುರುವಾರ. ರಕ್ತದಿಂದ ಹರಡುತ್ತದೆ, ನಿಮ್ಮ ಬ್ಲೇಡು, ಸೂಜಿ ಯಾರಿಗೂ ಕೊಡಬೇಡಿ ಎಂದು ಕಣ್ಣಿನ ಡಾಕ್ಟರು ಅವತ್ತೇ ಹೇಳಿದ್ದರು. ನಿಮ್ಮನ್ನು ಬೀಳ್ಕೊಡುವ ದಿನ ಎಲ್ಲರೂ ಕೈ ಚಾಚಿದರು. ಇವತ್ತು ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ ಎಂದು ಹೆದರಿ ಎಂದಿನ ಹಾಗೆ ಚುಚ್ಚಿಕೊಂಡೆ, ಚುಚ್ಚಿದೆ. ಪುಟ್ಟಲಕ್ಷ್ಮಿಗೆ ಸೂಜಿ ಕಂಡರೆ ಭಯ, ಅಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಹತ್ತಿರ ಟೆಸ್ಟ್ ಮಾಡಿಸಿಕೊಂಡವಳಲ್ಲ. ಅವತ್ತೂ, "ನಂಗ್ಯಾಕಣ್ಣ, ಬೇಡ ಬಿಡಿ" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಯಾರಿಗೂ ಅನುಮಾನ ಬರಬಾರದೆಂದು ನಾನು ನಗುನಗುತ್ತಾ ಅವಳ ಕೈ ಹಿಡಿದು ಮುಂದಕ್ಕೆ ಎಳೆದೆ. ಕಾಂತರಾಜು, ನನ್ನನ್ನು ಏನು ಬೇಕಾದರೂ ಮಾಡು. ಮೊದಲು ಅವಳನ್ನು ಕರೆದುಕೊಂಡು ಹೋಗು.