ಮೋಶೆಯ ಎಡಗೈ

3 ಮಾರ್ಚ್ 2025, ಸೋಮವಾರ

ಎಂಟು ಹತ್ತರ ಬಸ್ಸು. ಅರಕಲಗೂಡಿಂದ ಹೊಳೆನರಸೀಪುರದ ರೋಡು, ಇಗರ್ಜಿ ಸ್ಟಾಪ್. ಚರ್ಚ್ ಒಳಗೆ ಎಡಗೋಡೆಗೆ ಎರಡನೇ ಕೋಟ್ ಸುಣ್ಣ ಆಯ್ತು. ಬಲಗೋಡೆ ಇನ್ನೂ ಹಸಿ. ಫಾದರ್ ಬಂದು ಬಂದು ಕೇಳ್ತಾರೆ — ಗರಿಗಳ ಭಾನುವಾರಕ್ಕೆ ಮುಗಿಯುತ್ತಾ ಅಂತ. ಏಪ್ರಿಲ್ 13. ಮುಗಿಯುತ್ತೆ ಅಂದೆ. ಮುಗೀಬೇಕು.

ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಸೋರಿಲ್ಲ. ಟ್ರ್ಯಾಕ್ಟರ್ ಟ್ರೈಲರ್ ಹಿಂದೆ ಹೆಸರು ಬರೆದೇ ಹತ್ತು ವರ್ಷ ಹೋಯ್ತು. ಇದು ಮೊದಲನೇ ಪೂರಾ ಗೋಡೆ. ಎಡಕ್ಕೆ ಹಳೇ ಕಾಲದ ನಾಲ್ಕು ಚಿತ್ರ, ಬಲಕ್ಕೆ ಯೇಸುವಿನ ನಾಲ್ಕು. ಎದುರುಬದುರು ಜೋಡಿ. ಇವರ್ಯಾರೂ ನಂಗೆ ಪರಿಚಯದವರಲ್ಲ. ನಮ್ಮ ಮನೇಲಿ ಇರೋದು ಬುದ್ಧನ ಫೋಟೊ ಒಂದೇ.

8 ಮಾರ್ಚ್

ಸಿಕ್ಕಿಬಿದ್ದೆ.

ಎಡಗೋಡೇಲಿ ಇಸಾಕ. ಅಪ್ಪ ಅಬ್ರಹಾಮ ಬಲಿ ಕೊಡೋಕೆ ಬೆಟ್ಟಕ್ಕೆ ಕರ್ಕೊಂಡು ಹೋಗೋ ಹುಡುಗ, ಬೆನ್ನ ಮೇಲೆ ಸೌದೆ ಹೊರೆ. ಅದರ ಎದುರು ಯೇಸು ಶಿಲುಬೆ ಹೊತ್ತಿರೋದು. ಎರಡಕ್ಕೂ ಬೇರೆ ಬೇರೆ ಬರೀಬೇಕಿತ್ತು. ಯಾರು ಬರೀತಾರೆ... ಒಂದೇ ತೂತಿನ ಹಾಳೇಲಿ ಎರಡೂ ಮುಗಿಸಿದೆ. ಕಾಗದದ ಮೇಲೆ ಚಿತ್ರ ಬರೆದು, ಗೆರೆ ಉದ್ದಕ್ಕೂ ಸೂಜಿ ಚುಚ್ಚೋದು, ಗೋಡೆಗಿಟ್ಟು ಇದ್ದಿಲು ಪುಡಿ ಗಂಟು ಬಡಿಯೋದು. ಗೋಡೆ ಮೇಲೆ ಚುಕ್ಕಿ ಕೂತ್ಕೊಳುತ್ತೆ. ಅಪ್ಪ ಕಲಿಸಿದ್ದು. ಈ ಗೋಡೆಗೆ ಬಡಿದೆ, ಮಗುಚಿ ಆ ಗೋಡೆಗೂ ಬಡಿದೆ. ಸೌದೆ ಬದಲು ಶಿಲುಬೆ, ಮುಖಕ್ಕೆ ಗಡ್ಡ, ಅಷ್ಟೇ.

ಫಾದರ್ ಮಧ್ಯೆ ನಿಂತು ಅತ್ಲಾಗೆ ಇತ್ಲಾಗೆ ನೋಡಿದ್ರು. "ಎರಡೂ ಒಂದೇ ಬೆನ್ನಲ್ವಾ ಶಾಂತರಾಜು?" ಅಂದ್ರು. ಬೈಗುಳಕ್ಕೆ ರೆಡಿಯಾದೆ. ಅವರಿಗೆ ಕಣ್ಣಲ್ಲಿ ನೀರು.

"ಇದನ್ನೇ ನಾನು ಮೂವತ್ತು ವರ್ಷದಿಂದ ಬಾಯಲ್ಲಿ ಹೇಳ್ತಿದೀನಿ. ಆ ಮಗ ತನ್ನನ್ನ ಸುಡೋ ಸೌದೆ ತಾನೇ ಹೊತ್ತ. ಈ ಮಗ ತನ್ನನ್ನ ಏರಿಸೋ ಮರ ತಾನೇ ಹೊತ್ತ. ಅಲ್ಲಿ ದೇವರು ತಡೆದ, ಕತ್ತಿ ನಿಂತಿತು, ಮಗನ ಬದಲಿಗೆ ಟಗರು ಸಿಕ್ತು. ಇಲ್ಲಿ ನಿಲ್ಲಲಿಲ್ಲ. ಹಳಬರೆಲ್ಲ ಬರೋನ ನೆರಳು ಕಣ್ರೀ. ಆಳು ಬರೋ ಮುಂಚೆ ನೆರಳು ಬಂತು."

"ಅಂದ್ರೆ ಹಳೇದು ಇದ್ದಿಲು ಚುಕ್ಕಿ, ಹೊಸದು ಬಣ್ಣ," ಅಂದೆ. ಬಾಯಿಗೆ ಬಂತು, ಅಂದುಬಿಟ್ಟೆ. ಫಾದರ್ ಜೇಬಿನ ಪುಸ್ತಕ ತೆಗೆದು ಬರ್ಕೊಂಡ್ರು, ಭಾನುವಾರದ ಉಪದೇಶಕ್ಕೆ ಬೇಕಂತೆ. ಸೋಮಾರಿತನ ಅಂತ ಹೇಳೋಕೆ ಧೈರ್ಯ ಬರಲಿಲ್ಲ.

15 ಮಾರ್ಚ್

ಮೀನಿನ ಹೊಟ್ಟೇಲಿ ಮೂರು ದಿನ ಇದ್ದ ಯೋನ ಮುಗಿದ. ಎದುರಿಗೆ ಯೇಸುವಿನ ಮೂರು ದಿನದ ಸಮಾಧಿ. ರಾಮನಾಥಪುರದ ಹೊಳೆ ಮೀನು ನೆನೆಸ್ಕೊಂಡು ಬರೆದಿದ್ದೆ. ಇದರೊಳಗೆ ಮನುಷ್ಯ ಹಿಡಿಸ್ತಾನಾ ಅಂದ್ರು ಫಾದರ್. ಅಳಿಸಿ ದೊಡ್ಡದು ಮಾಡಿದೆ. ಕಂಬದ ಮೇಲಿನ ಕಂಚಿನ ಹಾವು ಮಾತ್ರ ಒಂದೇ ಏಟಿಗೆ ಬಂತು. ಹಾವು ಕಚ್ಚಿಸ್ಕೊಂಡೋರು ಅದನ್ನ ನೋಡಿ ಬದುಕಿದ್ರಂತೆ. ಅದರ ಎದುರು ಶಿಲುಬೆ.

19 ಮಾರ್ಚ್, ಹಾಸನ

ಅಪ್ಪನ ಕಣ್ಣಿಗೆ ಡಾಕ್ಟರ್ ಹತ್ರ. ಎಡಗಣ್ಣು ಹೋಗಿ ವರ್ಷ ಆಯ್ತು. ಬಲಗಣ್ಣೂ ಎರಡು ತಿಂಗಳು ಅಂದ್ರೆ ಹೆಚ್ಚು. ಆಪರೇಷನ್ ಮಾಡಿದ್ರೂ ಪ್ರಯೋಜನ ಇಲ್ಲ.

ವಾಪಸ್ ಬಸ್ಸಲ್ಲಿ ಕೇಳಿದೆ. ಅಪ್ಪಾ, ಒಂದ್ಸಲ ಬಂದು ನನ್ನ ಗೋಡೆ ನೋಡು ಅಂತ. ಕಿಟಕಿ ಕಡೆ ಮುಖ ತಿರುಗಿಸ್ಕೊಂಡ. "ನಾ ಯಾವ ಗುಡಿ ಒಳಿಕ್ಕೂ ಓಗಲ್ಲ. ಗೊತ್ತಲ್ಲ ನಿಂಗೆ."

ಗೊತ್ತು. ಯಾಕೆ ಅಂತ ಮಾತ್ರ ಗೊತ್ತಿಲ್ಲ. ಊರಿನ ಗುಡಿ ಅಂದ್ರೆ ಆಗಲ್ಲ, ಅಷ್ಟೇ ಗೊತ್ತು. ನನ್ನ ಕೈಗೆ ಬ್ರಷ್ ಕೊಟ್ಟೋನು ಅವನು. ಆ ಕಣ್ಣು ಪೂರಾ ಹೋಗೋದರೊಳಗೆ ಒಂದ್ಸಲ ನೋಡಬೇಕು. ಇಷ್ಟೇ ಕೇಳ್ತಿರೋದು.

24 ಮಾರ್ಚ್

ಕೊನೇ ಜೋಡಿ. ಮೋಶೆ. ತನ್ನ ಜನಾನ ನಲವತ್ತು ವರ್ಷ ನಡೆಸಿಕೊಂಡು ಬಂದ, ದೇವರು ಕೊಡ್ತೀನಿ ಅಂದಿದ್ದ ನಾಡನ್ನ ಬೆಟ್ಟದ ಮೇಲಿಂದ ನೋಡಿದ, ಒಳಗೆ ಕಾಲಿಡೋಕೆ ಆಗಲಿಲ್ಲ. ಎದುರು ಗೋಡೇಲಿ ಯೇಸು ಬಾಗಿಲಲ್ಲಿ ನಿಂತು ಕೈ ಚಾಚಿರೋದು. "ಮೋಶೆ ಬಾಗಿಲ ತನಕ. ಒಳಗೆ ಕರ್ಕೊಳ್ಳೋನು ಈಚೆ ಗೋಡೆಯೋನು," ಅಂದ್ರು ಫಾದರ್.

ಅಪ್ಪನ ಟ್ರಂಕಲ್ಲಿ ಒಂದು ಹಳೇ ತೂತಿನ ಹಾಳೆ ಇದೆ. ಗಡ್ಡದ ಮುದುಕ, ಎಡಗೈಲಿ ಕೋಲು. ಯಾರೋ ಋಷಿ. ಅಂಥ ಮುಖ ನನ್ನ ಕೈಲಿ ಈ ಜನ್ಮಕ್ಕೆ ಬರಲ್ಲ. ಅಪ್ಪ ಮಲಗಿದ್ದಾಗ ಬೆಳಿಗ್ಗೆ ಎತ್ಕೊಂಡು ಬಂದೆ. ಕೇಳಲಿಲ್ಲ. ಕೇಳಿದ್ರೆ ಕೊಡ್ತಿರಲಿಲ್ಲ.

ಬಡಿದೆ. ಎಂಥ ಮುಖ... ಆದ್ರೆ ಎಡಗೈ ತಪ್ಪು. ಎಡಗೈಗೆ ಬಲಗೈ ಹೆಬ್ಬೆರಳು ಬರೆದವ್ನೆ. ಅಪ್ಪ ತಪ್ಪು ಮಾಡಿದ್ದು ಇವತ್ತೇ ನೋಡಿದ್ದು. ತಿದ್ದೋಕೆ ಮನಸ್ಸು ಬರಲಿಲ್ಲ. ಆ ಹೆಬ್ಬೆರಳು ಮಾತ್ರ ಚುಕ್ಕೀಲೇ ಬಿಟ್ಟಿದೀನಿ.

25 ಮಾರ್ಚ್

ಹಾಳೆ ವಾಪಸ್ ಇಟ್ಟಿದ್ದೆ. ಅಪ್ಪ ಟ್ರಂಕ್ ತೆಗೆದು ಬೆರಳಲ್ಲಿ ತಡವಿದ. ಹೊಸ ಇದ್ದಿಲು ಕೈಗೆ ಹತ್ತಿತು. ಮೂಗಿನ ಹತ್ರ ಹಿಡಿದ. "ಎಲ್ಲಿ ಬಡ್ದೆ?" ಅಂದ. ಹೇಳಿದೆ. ಬೈದಿದ್ರೆ ಚೆನ್ನಾಗಿತ್ತು. ಎದ್ದು ಹೋಗಿ ಜಗಲೀಲಿ ಕೂತ್ಕೊಂಡ.

2 ಏಪ್ರಿಲ್

ಒಂದು ವಾರ ಆಯ್ತು, ಅಪ್ಪ ನನ್ನ ಜೊತೆ ಮಾತಿಲ್ಲ. ಮುದ್ದೆ ಇಟ್ರೆ ಉಣ್ತಾನೆ, ನಾನು ಪಕ್ಕ ಕೂತ್ರೆ ಎದ್ದು ಹೋಗ್ತಾನೆ. ಗೋಡೆ ಕಡೆ ನಾನೂ ಹೋಗಿಲ್ಲ.

ಇವತ್ತು ಅವ್ವ ಬಾಯಿಬಿಟ್ಲು. ಅವರೆಕಾಯಿ ಸುಲೀತಾ, ನನ್ನ ಮುಖ ನೋಡದೆ.

"ನಮ್ಮ ಮದ್ವೆ ಆದ ವರ್ಸ ಕಣಪ್ಪ. ಊರ ಗುಡಿ ಗೋಡೆಗೆ ಚಿತ್ರ ಬರ್ಕೊಡು ಗುಂಡಯ್ಯ ಅಂದ್ರು. ಇವ್ನಂಗೆ ಬರಿಯೋರು ಸುತ್ತಲೂ ಯಾರಿದ್ರು? ಮೂರು ತಿಂಗಳು ಬುಡ್ಡಿ ಬೆಳಕಲ್ಲಿ ಬರ್ದು, ಚುಚ್ಚಿ, ತಗಂಡೋದ. ಆ ತೂತಿನ ಆಳೆ ಈಸ್ಕಂಡ್ರು. ನೀನು ಅಲ್ಲೇ ನಿಂತ್ಕ ಅಂದ್ರು. ಬಣ್ಣ ತುಂಬಕ್ಕೆ ಬೇರೆಯೋನ್ನ ಕರ್ಸಿದ್ರು. ಆಳೆ ಒಳಿಕ್ಕೆ ಓಯ್ತು, ಮನ್ಸ ಬಾಗ್ಲಲ್ಲೇ ನಿಂತ. ಕೆಲ್ಸ ಮುಗುದ್ಮೇಲೆ ಆಳೇನ ಆಚಿಕ್ಕೆ ಎಸುದ್ರು. ಎತ್ಕಂಡ್ ಬಂದ. ಆ ಗೋಡೆ ಎಂಗಾಗದೆ ಅಂತ ಇವತ್ತಿಗೂ ನೋಡಿಲ್ಲ ಅವ್ನು."

ಐವತ್ತು ವರ್ಷ. ಆ ಹಾಳೇನೇ ನಾನು ಕದ್ದು, ಇನ್ನೊಂದು ದೇವರ ಮನೆಗೆ ಒಯ್ದೆ. ಅಪ್ಪನ್ನ ಇಲ್ಲೇ ಬಿಟ್ಟು. ನಾಚಿಕೆಯಾಯ್ತು. ಹಿತ್ತಲಿಗೆ ಹೋಗಿ ಅತ್ತೆ.

3 ಏಪ್ರಿಲ್

ಫಾದರ್‌ಗೆ ಎಲ್ಲಾ ಹೇಳಿದೆ. ಇಸಾಕನ ಹಾಳೆ ಕಥೇನೂ. ನಕ್ಕರು. ಮೋಶೇನ ಅಳಿಸ್ತೀನಿ, ಬೇರೆ ಬರೀತೀನಿ ಅಂದೆ.

"ಅಳಿಸೋದೋ ಬಿಡೋದೋ ಗುಂಡಯ್ಯನವರು ಹೇಳಲಿ," ಅಂದ್ರು. ಮೋಶೆ ಮುಂದೆ ಹೋಗಿ ನಿಂತ್ರು. "ನಾನು ಇಷ್ಟು ದಿನ ನೆರಳು ನೆರಳು ಅಂತ ಸಲೀಸಾಗಿ ಹೇಳಿಬಿಟ್ಟೆ. ನೆರಳಾಗಿ ನಿಂತೋನಿಗೂ ಕಾಲು ನೋಯುತ್ತೆ ಅಂತ ಹೇಳೇ ಇಲ್ಲ."

8 ಏಪ್ರಿಲ್, ಸಂಜೆ

ಅಪ್ಪನ ಮುಂದೆ ಕೂತು ತಪ್ಪಾಯ್ತು ಅಂದೆ. ನಾಳೆ ಅಳಿಸ್ತೀನಿ ಅಂದೆ. ಅಪ್ಪ ಬೀಡಿ ಸೇದ್ತಿದ್ದ. ಬೀಡಿ ಮುಗೀತು. ಎದ್ದು ಹೊರಟಿದ್ದೆ.

"ಗಡ್ಡ ಎಲ್ಲಿಗಂಟ ಇಳ್ಸಿದೀಯ?"

ತಿರುಗಿದೆ. ಎದೆಗಂಟ ಅಂದೆ.

"ಎಡಗೈ?"

ಹೆಬ್ಬೆರಳು ಬರೆದಿಲ್ಲ ಅಂದೆ.

"ಯಾಕೆ?"

ಅವನ ಎಡಗೈ ಹೆಬ್ಬೆರಳು ಮುಟ್ಟಿ ತೋರಿಸಿದೆ.

"ತಪ್ಪು ಅಂತ ನಂಗೊತ್ತು ಕಣ್ಲಾ. ಚುಚ್ಚೋವಾಗ್ಲೇ ಗೊತ್ತಾಯ್ತು. ಗೋಡೆ ಮ್ಯಾಲೆ ಸರಿ ಮಾಡ್ಕಂಡ್ರಾಯ್ತು ಅನ್ಕಂಡಿದ್ದೆ. ಗೋಡೆ ತಾವ ಬುಟ್ರೆ ತಾನೆ? ಐವತ್ತು ವರ್ಸ ಆ ಎಬ್ಬೆಟ್ಟು ನನ್ನ ಕಣ್ಣ ಮುಂದೆ ಅಂಗೇ ಅದೆ. ಅಲ್ಲಿ ತಪ್ಪೇ ಬರ್ದವ್ರೋ ಏನೋ. ಯಾರ್ನ ಕೇಳ್ಲಿ?"

ಇನ್ನೊಂದು ಬೀಡಿ ಹಚ್ಚಿದ.

"ನೀ ಬರೀಬ್ಯಾಡ ಅದ್ನ. ಕೆಡಸ್ತೀಯ."

10 ಏಪ್ರಿಲ್, ಇಗರ್ಜಿ, ಬೆಳಿಗ್ಗೆ ಹನ್ನೊಂದು

ಬೆಂಚಿನ ಮೇಲೆ ಕೂತು ಬರೀತಿದೀನಿ. ಬರೀದೆ ಇದ್ರೆ ಆಗಲ್ಲ.

ಅಪ್ಪ ಒಗೆದ ಪಂಚೆ ಉಟ್ಕೊಂಡು ಬಂದ. ಮೆಟ್ಟು ಹೊರಗೆ ಬಿಟ್ಟ. ಹೊಸ್ತಿಲ ಹತ್ರ ನಿಂತ್ಕೊಂಡ. ಒಳಗೆ ಕತ್ತು ಚಾಚಿ ನೋಡಿದ, ಕಾಲು ಮಾತ್ರ ಎತ್ತಲಿಲ್ಲ. "ಸಾಮಿ, ನಾವು ಇಲ್ಲಿಗಂಟ ತಾನೆ?" ಅಂದ.

ಫಾದರ್ ಸಾವಕಾಶವಾಗಿ ಅಂದ್ರು: "ಗೋಡೆ ಒಳಗಿದೆ ಗುಂಡಯ್ಯನವರೇ. ಹೆಬ್ಬೆರಳು ಅಲ್ಲಿಂದ ಎಟುಕಲ್ಲ."

ಅಪ್ಪ ನಕ್ಕ. ನನ್ನ ಹೆಗಲು ಹಿಡ್ಕೊಂಡ. ಒಳಗೆ ಬಂದ.

ಗೋಡೆಗೆ ಒಂದು ಗೇಣು ದೂರ ಬಲಗಣ್ಣಿಟ್ಟು ನೋಡಿದ. ಮುಖ, ಗಡ್ಡ, ಕೋಲು. ತುಂಬಾ ಹೊತ್ತು. "ನಾ ಬರ್ದಿದ್ದಕ್ಕಿಂತ ವಯಸ್ಸಾಗದೆ ಇವ್ನಿಗೆ," ಅಂದ. ಎರಡನೇ ನಂಬರ್ ಬ್ರಷ್ ಕೇಳಿದ. ಎಡಗೈ ಬೆರಳಲ್ಲಿ ಜಾಗ ತಡವಿ ಬರೆದ. ಮೊದಲನೇದು ಸೊಟ್ಟ. ಒರೆಸಿದ. ಎರಡನೇ ಸಲ ಬಂತು. ಗೆಣ್ಣು ದಪ್ಪಗಿರೋ, ಕೆಲಸ ಮಾಡಿದ ಹೆಬ್ಬೆಟ್ಟು. ಮಿಕ್ಕ ಕೈಗಿಂತ ಬಣ್ಣ ಒಂದು ಚೂರು ಕಪ್ಪು. ಹಂಗೇ ಇರಲಿ ಅಂದ್ರು ಫಾದರ್.

ಈಗ ಬ್ರಷ್ ಕೆಳಗಿಟ್ಟ. ನನ್ನ ಕರೀತಾವ್ನೆ.

"ಲೇ ಶಾಂತ, ಗೀಚಿದ್ದು ಸಾಕು. ಎದುರು ಗೋಡೇಲಿ ಬಾಗಲಲ್ಲಿ ಒಬ್ಬ ನಿಂತವ್ನೆ ಅಂದ್ಯಲ್ಲ, ಅವನ ಕೈ ಎಂಗೆ ಬರ್ದಿದೀಯ, ತೋರ್ಸು. ಕಣ್ಣಲ್ಲಿ ಬೆಳಕಿದ್ದಂಗೇ ಕರ್ಕಂಡೋಗು."

ಕೈ ಚಾಚ್ಕೊಂಡು ನಿಂತವ್ನೆ. ಬಂದೆ ಅಪ್ಪಾ, ಬಂ—